ಓದದೆ ಬಿಟ್ಟ ವಾಕ್ಯ

ಅವರು ತೀರಿಕೊಂಡ ಮರುದಿನ ಬೆಳಿಗ್ಗೆ ಅವರ ಹಳೆಯ ಕಚೇರಿಯಿಂದ ನಮ್ಮ ಪತ್ರಕರ್ತರ ವಾಟ್ಸಪ್ ಗುಂಪಿಗೆ ಒಂದು ಸಂತಾಪ ಬಂತು. ನಿವೃತ್ತ ಜನಸಂಪರ್ಕ ಅಧಿಕಾರಿಯವರು ಮೃದುಭಾಷಿಗಳಾಗಿದ್ದರು, ಸರ್ವರಿಗೂ ಬೇಕಾದವರಾಗಿದ್ದರು ಎಂದು ಮರಾಠಿಯಲ್ಲಿ ಬರೆದಿತ್ತು. ಎರಡೂ ಸುಳ್ಳು. ಅವರ ಮಾತಿಗೆ ಅಂಚು ಇತ್ತು, ತಗಲಿದರೆ ಉರಿಯುತ್ತಿತ್ತು. ಸರ್ವರ ಮಾತು ಹಾಗಿರಲಿ, ಸಂತಾಪ ಕಳಿಸಿದ ಕಚೇರಿಗೇ ಅವರು ಬೇಡವಾಗಿ ಎಷ್ಟೋ ಕಾಲವಾಗಿತ್ತು. ಸತ್ತವರನ್ನು ಹೀಗೆ ಸೋಪು ಹಾಕಿ ತೊಳೆದು ಒಣಗಿಸುವುದು ನನಗೆ ಸೇರುವುದಿಲ್ಲ. ಆದ್ದರಿಂದ ನಾನು ಕಂಡಂತೆ ಬರೆಯುತ್ತೇನೆ. ಯಾರಿಗಾದರೂ ಕಹಿ ಅನ್ನಿಸಿದರೆ ಅನ್ನಿಸಲಿ.

ನಾನು ಡೊಂಬಿವಲಿಯವನು. ಅಪ್ಪ ಉಡುಪಿಯಿಂದ ಬಂದು ಉಲ್ಹಾಸನಗರದಲ್ಲಿ ಚಿಕ್ಕದೊಂದು ಸಸ್ಯಾಹಾರಿ ಹೋಟೆಲು ಹಾಕಿದರು, ಈಗ ಅಣ್ಣ ನೋಡಿಕೊಳ್ಳುತ್ತಾನೆ. ನಾನು ಗಲ್ಲೆಯ ಮೇಲೆ ಕೂರಲು ಒಪ್ಪದೆ ಮುಂಬಯಿಯ ಒಂದು ಕನ್ನಡ ದಿನಪತ್ರಿಕೆಗೆ ವರದಿಗಾರನಾದೆ. ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ನವಿ ಮುಂಬಯಿಯವರೆಗೆ ನಡೆಯುವ ಸರ್ಕಾರಿ ಪತ್ರಿಕಾಗೋಷ್ಠಿಗಳೆಲ್ಲ ನನ್ನ ಪಾಲಿಗೆ ಬಂದವು. ಅವರ ಕಚೇರಿ ಈ ಪೈಕಿ ಯಾವ ಊರಿನದು ಎಂದು ಹೇಳುವ ಅಗತ್ಯವಿಲ್ಲ. ಎಲ್ಲ ಕಚೇರಿಗಳ ಗೋಷ್ಠಿಯೂ ಹೆಚ್ಚುಕಡಿಮೆ ಒಂದೇ ನಮೂನೆ.

ಆ ನಮೂನೆಯನ್ನು ಸ್ವಲ್ಪ ವಿವರಿಸಬೇಕು. ವೇದಿಕೆಯ ಮೇಲಿನ ಅಧಿಕಾರಿಗೆ ಕಷ್ಟದ ಪ್ರಶ್ನೆ ಬಂತೆನ್ನಿ. ಮೊದಲು ಆತ ‘ಬಹಳ ಒಳ್ಳೆಯ ಪ್ರಶ್ನೆ’ ಎನ್ನುತ್ತಾನೆ. ಆಮೇಲೆ ಬೇರೆ ಯಾವುದೋ ಸುಲಭದ ಪ್ರಶ್ನೆಗೆ ಉದ್ದದ ಉತ್ತರ ಕೊಡುತ್ತಾನೆ. ಮತ್ತೆ ಕೇಳಿದರೆ ವಿಷಯ ತಪಾಸಣೆಯಲ್ಲಿದೆ. ಇನ್ನೊಮ್ಮೆ ಕೇಳುವಷ್ಟರಲ್ಲಿ ಬಾಗಿಲಲ್ಲಿ ವಡಾಪಾವ್ ತಟ್ಟೆಗಳು ಕಾಣಿಸಿಕೊಳ್ಳುತ್ತವೆ, ‘ಚಲಾ, ಚಹಾ ಘೇಊಯಾ’, ನಡೆಯಿರಿ ಚಹಾ ಕುಡಿಯೋಣ ಎಂದು ಎಲ್ಲರೂ ಏಳುತ್ತಾರೆ. ಮುಗಿಯಿತು. ಈ ತಟ್ಟೆಗಳ ಸಮಯಪ್ರಜ್ಞೆಯನ್ನು ನಾನು ಇಡೀ ಸರ್ಕಾರದಲ್ಲಿ ಬೇರೆಲ್ಲೂ ಕಂಡಿಲ್ಲ.

ಅವರ ಗೋಷ್ಠಿಯಲ್ಲಿ ತಿಂಡಿ ಮೊದಲೇ ಬಂದುಬಿಡುತ್ತಿತ್ತು. ‘ತಿಂದ್ ಮುಗಸ್ರಿ, ಆಮ್ಯಾಲೆ ನೆವ ಇರಬಾರದು, ನಿಮಗೂ ನಮಗೂ’ ಎಂದು ನನಗೆ ಒಮ್ಮೆ ಕನ್ನಡದಲ್ಲಿ ಹೇಳಿದ್ದರು. ಬಿಜಾಪುರದ ಕಡೆಯವರು, ಮದುವೆಯಾಗಿ ಕಲ್ಯಾಣದ ಪಕ್ಕದ ಶಹಾಡಿಗೆ ಬಂದವರು. ಗೋಷ್ಠಿಯಲ್ಲಿ ಮರಾಠಿ, ಜವಾನರ ಹತ್ತಿರ ಹಿಂದಿ, ಸಿಟ್ಟು ಬಂದಾಗ ಮಾತ್ರ ಶುದ್ಧ ಬಿಜಾಪುರ.

ಮೊದಲ ಸಲ ಅವರ ಗೋಷ್ಠಿಗೆ ಹೋದಾಗ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಂದೆ ಟಿ.ವಿ.ಯವರ ಮೈಕುಗಳ ಗದ್ದಲ. ನಾನು ಎರಡು ಸಲ ಕೈ ಎತ್ತಿ ಇಳಿಸಿದೆ. ಅವರು ಎಲ್ಲರನ್ನೂ ಕೈಸನ್ನೆಯಿಂದ ತಡೆದು ನನ್ನತ್ತ ಬೆರಳು ತೋರಿಸಿದರು. ನಾನು ಎದ್ದು ಪತ್ರಿಕೆಯ ಹೆಸರು ಹೇಳಿದೆ. ಮುಂದಿನ ಸಾಲಿನಿಂದ ಯಾರೋ, ‘ಕನ್ನಡ ಪೇಪರ್? ಇಥೆ ಕೋಣ್ ವಾಚತೋ?’ ಎಂದು ನಕ್ಕರು. ಇಲ್ಲಿ ಅದನ್ನು ಓದುವವರು ಯಾರು ಎಂದು.

‘ನೀವು ಬೆಳಿಗ್ಗೆ ಇಡ್ಲಿ ತಿನ್ನುವ ಹೋಟೆಲಿನವರು ಓದುತ್ತಾರೆ. ನಿಮಗೆ ಇಡ್ಲಿ ಕೊಟ್ಟ ಮೇಲೆ ಓದುತ್ತಾರೆ. ಅವರ ಮನೆಗೂ ನಲ್ಲಿ ನೀರು ಬರಬೇಕು. ಕೇಳ್ರಿ’ ಎಂದರು. ಅದರಲ್ಲಿ ಕೊನೆಯ ಪದ ಒಂದೇ ಕನ್ನಡ.

ನಾನು ಕೇಳಿದೆ. ನೀರಿನ ಪೈಪಿನ ಕೆಲಸ ತಡವಾಗಿದ್ದರ ಬಗ್ಗೆ ಏನೋ ಪ್ರಶ್ನೆ. ಆಗ ಅವರ ವಿಚಿತ್ರ ಪದ್ಧತಿಯನ್ನು ಮೊದಲ ಬಾರಿ ನೋಡಿದೆ. ನನ್ನ ಪ್ರಶ್ನೆಯನ್ನು ಒಂದು ಮಾತೂ ಬಿಡದೆ ಎಲ್ಲರಿಗೂ ಕೇಳುವಂತೆ ತಿರುಗಿ ಹೇಳಿದರು. ಆಮೇಲೆ ಕೈಯಲ್ಲಿದ್ದ ಹಾಳೆ ನೋಡಿ ಓದಿದರು. ಓದಿ ಮುಗಿಸಿ, ‘ಇದು ನೀವು ಕೇಳಿದ್ದಕ್ಕೆ ಉತ್ತರ ಅಲ್ಲ. ನನಗೆ ಕೊಟ್ಟಿರುವುದು ಇಷ್ಟೇ. ಉತ್ತರ ಸಿಕ್ಕರೆ ನಾನೇ ಫೋನ್ ಮಾಡುತ್ತೇನೆ’ ಎಂದರು. ಪಕ್ಕದಲ್ಲಿದ್ದ ಎಂಜಿನಿಯರ್ ಸಾಹೇಬರ ಮುಖ ಆಗ ನೋಡಬೇಕಿತ್ತು. ಎರಡು ದಿನ ಬಿಟ್ಟು ನಿಜವಾಗಿಯೂ ಫೋನ್ ಬಂತು.

ಇಷ್ಟರಿಂದ ಅವರು ನಮ್ಮ ಪಕ್ಷ ಎಂದು ತಿಳಿದವರು ಕೆಟ್ಟರು. ಒಮ್ಮೆ ನಾನು ಎದ್ದು ನಿಂತು, ಕಸದ ಸಮಸ್ಯೆ, ಜನರ ಸಹನೆ, ಆಡಳಿತದ ನಿರ್ಲಕ್ಷ್ಯ ಎಂದೆಲ್ಲ ಮಾತಾಡಿ, ‘ಇದಕ್ಕೆ ಏನು ಹೇಳುತ್ತೀರಿ?’ ಎಂದು ಮುಗಿಸಿದೆ. ಗೋಷ್ಠಿ ಮುಗಿದ ಮೇಲೆ ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದರು.

‘ಅದು ಪ್ರಶ್ನೆ ಏನ್ರೀ? ಭಾಷಣ. ಕಸದ ಗಾಡಿ ಯಾವ ಗಲ್ಲಿಗೆ ಎಷ್ಟು ದಿನದಿಂದ ಬಂದಿಲ್ಲ ಅಂತ ಕೇಳಿದ್ರ ನಾ ಸಿಗಬೀಳ್ತಿದ್ದೆ. ನೀವು ಜನರ ಸಹನೆ ಅಂದ್ರಿ. ಸಹನೆ ಬಗ್ಗೆ ನಮ್ಮ ಸಾಹೇಬ್ರು ಒಂದ್ ತಾಸು ಮಾತಾಡ್ತಾರ, ಗೊತ್ತದ ಏನು?’

‘ಹಾಗಾದ್ರೆ ನೀವು ಸಿಗಬೀಳ್ಬೇಕು ಅಂತ ನಿಮಗೇ ಆಸೆ ಉಂಟಾ ಮೇಡಂ?’

‘ಆಸೆ ಯಾಕ್ರೀ? ನಾನೂ ಅದೇ ಗಲ್ಯಾಗ ಇರ್ತೀನಿ.’

ಆಮೇಲೆ ಅವರು ಆಗಾಗ ಅಣ್ಣನ ಹೋಟೆಲಿಗೆ ಬರತೊಡಗಿದರು. ಬಂದಾಗಲೆಲ್ಲ ಸಾಂಬಾರಿನ ಮೇಲೆ ತಕರಾರು. ‘ಉಡುಪಿಯವ್ರು ಸಾಂಬಾರಿಗೂ ಬೆಲ್ಲ ಹಾಕ್ತೀರಿ, ಸುದ್ದಿಗೂ ಬೆಲ್ಲ ಹಾಕ್ತೀರಿ’ ಎಂದು ನನ್ನ ಕಡೆ ನೋಡುತ್ತಿದ್ದರು. ಅಣ್ಣ ಗಲ್ಲೆಯಿಂದಲೇ ನಗುತ್ತಿದ್ದ. ಅವರಿಗೆಂದು ಒಳಗಿನಿಂದ ಹಸಿಮೆಣಸಿನಕಾಯಿ ಹುರಿಸಿ ತರಿಸುತ್ತಿದ್ದ.

ಅವರ ಗಂಡ ಠಾಣೆಯ ಬ್ಯಾಂಕೊಂದರಲ್ಲಿ ಕ್ಲಾರ್ಕ್ ಆಗಿದ್ದು ನಿವೃತ್ತರಾದವರು. ನಾವೆಲ್ಲ ರಾಯರು ಎನ್ನುತ್ತಿದ್ದೆವು. ಇಬ್ಬರೂ ಒಂದೇ ಊರಿನಿಂದ ಬಂದವರು ಎಂದು ನಂಬುವುದು ಕಷ್ಟ. ರಾಯರು ಲಿಫ್ಟಿನಲ್ಲಿ ಯಾರಾದರೂ ಕಾಲು ತುಳಿದರೆ ತಾವೇ ಸಾರಿ ಹೇಳುವವರು. ಹೌಸಿಂಗ್ ಸೊಸೈಟಿಯ ಮೀಟಿಂಗಿಗೆ ಹೋದರೆ ಬಾಗಿಲ ಹತ್ತಿರದ ಕುರ್ಚಿ ಹುಡುಕುತ್ತಿದ್ದರು. ಹೆಂಡತಿ ಕಚೇರಿಯ ಜಗಳ ಹೇಳುತ್ತಿದ್ದರೆ ಅವರು ಟಿ.ವಿ.ಯ ಶಬ್ದ ಸ್ವಲ್ಪ ಏರಿಸುತ್ತಿದ್ದರು, ಪಕ್ಕದ ಮನೆಗೆ ಕೇಳಿಸದಿರಲಿ ಎಂದು.

ಆಮೇಲೆ ಕಚೇರಿಯ ಮುಖ್ಯಸ್ಥರಾಗಿ ಹೊಸ ಸಾಹೇಬರು ಬಂದರು. ಬಂದವರೇ ಗೋಷ್ಠಿಗಳನ್ನು ನಿಲ್ಲಿಸಿ, ಹೇಳಿಕೆಗಳನ್ನೆಲ್ಲ ವಾಟ್ಸಪ್ಪಿನಲ್ಲಿ ಕಳಿಸಿದರೆ ಸಾಕು ಎಂದರು. ಆ ಗುಂಪಿನಲ್ಲಿ ಕಚೇರಿಯವರು ಮಾತ್ರ ಬರೆಯಬಹುದು, ನಾವು ಬರೀ ಓದಬಹುದು. ‘ಪ್ರಶ್ನೆ ಎಲ್ಲಿ ಕೇಳಬೇಕ್ರೀ ಇವ್ರು?’ ಎಂದು ಅವರು ಸಾಹೇಬರ ಕೋಣೆಗೇ ಹೋಗಿ ಕೇಳಿದರಂತೆ. ‘ಮ್ಯಾಡಮ್, ನೀವು ಕಚೇರಿಯ ಪಿ.ಆರ್.ಒ., ಪತ್ರಕರ್ತರ ಪಿ.ಆರ್.ಒ. ಅಲ್ಲ’ ಎಂದು ಸಾಹೇಬರು ಹೇಳಿದರು. ಇದನ್ನು ನನಗೆ ಹೇಳಿದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಏನನ್ನೋ ಕಳೆದುಕೊಂಡವರ ಕಳೆ ಇತ್ತು.

ಅಷ್ಟರಲ್ಲಿ ಆ ಘಟನೆ ನಡೆಯಿತು. ಕಾರ್ಖಾನೆಗಳ ಹಿಂದಿನ ಒಂದು ಕೊಳಚೆ ನಾಲೆಯ ಪಕ್ಕ ಸಾಲುಮನೆಗಳ ಚಾಳು ಇತ್ತು. ಒಂದು ಬೆಳಿಗ್ಗೆ ನಾಲೆಯಿಂದ ಘಾಟು ಎದ್ದು ಚಾಳಿನ ಜನಕ್ಕೆ ಕಣ್ಣುರಿ, ವಾಂತಿ, ಉಸಿರು ಸಿಗದ ಹಾಗೆ ಆಯಿತು. ರಿಕ್ಷಾಗಳಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಒಯ್ದರು. ಮಕ್ಕಳು ಚೇತರಿಸಿಕೊಂಡವು. ಒಬ್ಬ ಅಜ್ಜಿ ಬದುಕಲಿಲ್ಲ. ಯಾರೋ ಕಾರ್ಖಾನೆಯ ತ್ಯಾಜ್ಯವನ್ನು ಕದ್ದು ನಾಲೆಗೆ ಬಿಟ್ಟಿದ್ದರು.

ಈ ಸಲ ಬರೀ ವಾಟ್ಸಪ್ಪಿನಲ್ಲಿ ಮುಗಿಸಲು ಆಗಲಿಲ್ಲ. ಟಿ.ವಿ. ವ್ಯಾನುಗಳು ಕಚೇರಿಯ ಗೇಟಿಗೆ ಬಂದು ನಿಂತವು. ಸಾಹೇಬರು ಗೋಷ್ಠಿ ಕರೆದರು, ಆದರೆ ಹೇಳಿಕೆಯನ್ನು ತಾವೇ ಬರೆಸಿ ಮೇಡಂ ಕೈಗೆ ಕೊಟ್ಟರು. ‘ಇದನ್ನು ಓದಿ ಎದ್ದುಬಿಡಿ’ ಎಂದು ಆದೇಶ.

ನಾನು ಆ ದಿನ ಮೂರನೆಯ ಸಾಲಿನಲ್ಲಿದ್ದೆ. ನನ್ನ ಪಕ್ಕ ಒಂದು ವೆಬ್ ಪೋರ್ಟಲಿನ ಹುಡುಗಿ. ನಮ್ಮ ಕಡೆಯವಳೇ, ಡೊಂಬಿವಲಿಯಲ್ಲಿ ಹುಟ್ಟಿದವಳು, ಮನೆಯಲ್ಲಿ ತುಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸುವಳು. ಹೇಳಿಕೆ ಶುರುವಾಗುವ ಮೊದಲೇ ಅವಳು ಎದ್ದು ಕೇಳಿಬಿಟ್ಟಳು, ‘ಮ್ಯಾಡಮ್, ನಾಲೆಯ ಬಗ್ಗೆ ಈ ಕಚೇರಿಗೆ ಮೊದಲೇ ದೂರು ಬಂದಿತ್ತೋ ಇಲ್ಲವೋ?’

ಸಾಹೇಬರು ಕೈಯಾಡಿಸಿ ಕೂರು ಎಂದರು. ಮೇಡಂ ತಮ್ಮ ಪದ್ಧತಿಯಂತೆ ಪ್ರಶ್ನೆಯನ್ನು ಪೂರ್ತಿ ತಿರುಗಿ ಹೇಳಿದರು. ಹಾಳೆ ಎತ್ತಿಕೊಂಡು ಓದಲು ಶುರು ಮಾಡಿದರು. ಆಸ್ಪತ್ರೆಗೆ ಸೇರಿದವರ ವಿವರ ಓದಿದರು. ಅಜ್ಜಿಗೆ ಮೊದಲೇ ಉಬ್ಬಸ ಇತ್ತು ಎಂದು ಬರೆದದ್ದನ್ನು ಓದಿದರು. ಆಮೇಲೆ ನಿಂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಅಕ್ಷರ ಕಾಣುತ್ತಿಲ್ಲವೇನೋ ಎಂದುಕೊಂಡೆ.

‘ಮುಂದಿನ ವಾಕ್ಯವನ್ನು ನಾನು ಓದುವುದಿಲ್ಲ’ ಎಂದರು.

ಸಾಹೇಬರು ಅವರ ಕೈಯಿಂದ ಹಾಳೆ ಎಳೆದುಕೊಂಡು ತಾವೇ ಓದಿದರು: ‘ಈ ಸಂಬಂಧ ಕಚೇರಿಗೆ ಈ ಮೊದಲು ಯಾವುದೇ ದೂರು ಬಂದಿರಲಿಲ್ಲ.’ ಓದಿ, ಧನ್ಯವಾದ ಹೇಳಿ, ಕುರ್ಚಿ ಹಿಂದೆ ಸರಿಸಿದರು.

ನನ್ನ ಪಕ್ಕದ ಹುಡುಗಿ ಇನ್ನೂ ನಿಂತೇ ಇದ್ದಳು. ‘ಮ್ಯಾಡಮ್, ನೀವು ಯಾಕೆ ಓದಲಿಲ್ಲ?’

‘ನೀವು ಯಾಕೆ ಓದಲಿಲ್ಲ ಎಂದು ಪ್ರಶ್ನೆ’ ಎಂದರು ಮೇಡಂ, ಎಂದಿನ ದನಿಯಲ್ಲೇ. ‘ಆ ಚಾಳಿನ ಹೆಂಗಸರು ಹೋದ ತಿಂಗಳು ಇಲ್ಲಿಗೆ ಬಂದಿದ್ದರು. ಗೇಟಿನಲ್ಲಿ ತಡೆದಿದ್ದರು. ನಾನೇ ಒಳಗೆ ಕರೆದುಕೊಂಡು ಬಂದು ಸಾಹೇಬರ ಕೋಣೆಯಲ್ಲಿ ಕೂರಿಸಿದೆ. ಅವರು ಹೇಳಿದ್ದು ಇದೇ ನಾಲೆಯ ಘಾಟಿನ ವಿಷಯ. ತೀರಿಕೊಂಡ ಅಜ್ಜಿಯೂ ಬಂದಿದ್ದಳು. ಒಳಗೆ ಹೋಗುವ ಮೊದಲು ನನ್ನ ಕುರ್ಚಿಯಲ್ಲಿ ಕೂತು ನೀರು ಕುಡಿದಳು. ಅದಕ್ಕೆ ಓದಲಿಲ್ಲ.’

ಮುಂದಿನದು ಗದ್ದಲ. ಸಾಹೇಬರು ಮೈಕ್ ಹಿಡಿದು, ಮ್ಯಾಡಮ್ ಅವರಿಗೆ ತಪ್ಪು ತಿಳುವಳಿಕೆಯಾಗಿದೆ, ಅಂಥ ಯಾರೂ ತಮ್ಮ ಕೋಣೆಗೆ ಬಂದಿಲ್ಲ ಎಂದು ಎರಡೆರಡು ಸಲ ಹೇಳಿ ಹೊರಟುಹೋದರು. ಆ ಸಂಜೆ ಎಲ್ಲ ಚಾನೆಲ್ಲುಗಳಲ್ಲೂ ಅದೇ ಸುದ್ದಿ. ಒಂದು ವಾರದಲ್ಲಿ ನಾಲೆಗೆ ಸೇರುತ್ತಿದ್ದ ಕಳ್ಳ ಪೈಪುಗಳನ್ನು ಅಗೆದು ಮುಚ್ಚಿದರು. ಅದೇ ವಾರದಲ್ಲಿ ಮೇಡಂಗೆ ಶೋಕಾಸ್ ನೋಟಿಸ್ ಬಂತು, ನವಿ ಮುಂಬಯಿಯ ಸಾನಪಾಡಾ ಕಡೆಯ ಒಂದು ಉಪಕಚೇರಿಗೆ ವರ್ಗವೂ ಆಯಿತು. ದಿನವೂ ಶಹಾಡಿನಿಂದ ಹೊರಟು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಹೋಗಬೇಕು. ಅಲ್ಲಿ ಅವರ ಕೆಲಸ ಪತ್ರಿಕೆಗಳಿಂದ ಸುದ್ದಿ ಕತ್ತರಿಸಿ ಫೈಲಿಗೆ ಅಂಟಿಸುವುದು.

ನಾನು ಶಹಾಡಿನ ಅವರ ಮನೆಗೆ ಹೋದೆ. ರಾಯರು ಚಹಾ ಮಾಡಿ ತಂದರು.

‘ರಿಟೈರ್ ಆಗಾಕ ಬಂದಿತ್ತು. ಸುಮ್ನ ಓದಿ ಬಂದಿದ್ರ ಆಗ್ತಿತ್ತು. ಹಾಳ್ಯಾಗ ಬರದಿದ್ದು ಆಕಿ ಏನು ಬರದಿದ್ದಿಲ್ಲಲ್ಲ?’ ಎಂದು ನನ್ನನ್ನು ಕೇಳಿದರು, ಹೆಂಡತಿಯನ್ನು ನೋಡದೆ.

‘ದನಿ ನಂದಾಗಿತ್ತಲ್ರೀ’ ಎಂದರು ಮೇಡಂ.

‘ದನಿ, ದನಿ. ನಾಳೆ ಪೆನ್ಶನ್ ಹಿಡದ್ರಂದ್ರ ದನಿ ಊಟಕ್ಕ ಬರ್ತದೇನು?’ ರಾಯರು ಒಳಗೆ ಹೋದರು. ಟಿ.ವಿ.ಯ ಶಬ್ದ ಏರಿತು.

ಮೇಡಂ ಚಹಾದ ಬಸಿಯನ್ನು ನನ್ನತ್ತ ಸರಿಸಿದರು. ‘ಹೆದರ್ಯಾರ. ಹೆದರೂದು ತಪ್ಪಲ್ಲ. ನನಗೂ ಆ ದಿನ ಕಾಲು ನಡುಗ್ತಿದ್ವು, ಮೇಜಿನ ಹಿಂದ ಇದ್ವಂತ ನಿಮಗ ಕಾಣ್ಸಲಿಲ್ಲ’ ಎಂದರು.

ವಿಚಾರಣೆ ನಡೆಸಿದವರು ಕೊನೆಗೆ ಒಂದು ದಾರಿ ತೋರಿಸಿದರು. ಆ ದಿನ ಆರೋಗ್ಯ ಸರಿ ಇರಲಿಲ್ಲ, ತಲೆ ಸುತ್ತಿ ಏನೋ ಹೇಳಿಬಿಟ್ಟೆ ಎಂದು ಬರೆದುಕೊಟ್ಟರೆ ವಿಷಯ ಅಲ್ಲಿಗೇ ಮುಗಿಯುತ್ತದೆ ಎಂದು. ಅವರು ಬರೆದುಕೊಟ್ಟರು: ‘ಆ ದಿನ ನನ್ನ ಕಣ್ಣು, ಗಂಟಲು, ತಲೆ ಮೂರೂ ಸರಿಯಾಗಿದ್ದವು.’ ಹೀಗೆ ಬರೆದುಕೊಟ್ಟು ಬಂದ ದಿನ ಅಣ್ಣನ ಹೋಟೆಲಿನಲ್ಲಿ ಎರಡು ಮಸಾಲೆದೋಸೆ ತಿಂದರು. ವಿಚಾರಣೆಯ ತೀರ್ಮಾನವೂ ಬಂತು. ಕಚೇರಿಯ ಹೆಸರಿಗೆ ಮಸಿ ಬಳಿಯುವಂತೆ ಸುಳ್ಳು ಹೇಳಿದ್ದಾರೆ ಎಂದು ಅವರ ಸೇವಾ ದಾಖಲೆಯಲ್ಲಿ ಬರೆದರು. ಪೆನ್ಶನ್ನಿಗೆ ಕೈ ಹಾಕಲಿಲ್ಲ. ಆದರೆ ಸುಳ್ಳು ಎಂಬ ಆ ಒಂದು ಪದ ಅವರಿಗೆ ಚುಚ್ಚಿದ್ದನ್ನು ನಾನು ನೋಡಿದ್ದೇನೆ. ಬೇರೆ ಯಾವ ಶಿಕ್ಷೆಗೂ ಅವರು ಮುಖ ಸಪ್ಪಗೆ ಮಾಡಿದವರಲ್ಲ.

ಸಾನಪಾಡಾದಿಂದಲೂ ಅವರು ನಮ್ಮನ್ನು ಬಿಡಲಿಲ್ಲ. ಮಧ್ಯಾಹ್ನ ಫೋನು ಬರುತ್ತಿತ್ತು.

‘ನಿಮ್ಮ ಸುದ್ದಿ ಈಗಷ್ಟ ಕತ್ತರಿಸಿ ಅಂಟಿಸ್ದೆ. ಸಾಹೇಬ್ರು ಕಳ್ಸಿದ್ದು ಹಂಗಽ ಇಳಿಸೀರಲ್ಲ! ಕೇಳೂದು ಬಿಟ್ಟೀರೇನು?’

‘ಗೋಷ್ಠಿಯೇ ಇಲ್ಲ ಮೇಡಂ, ಎಲ್ಲಿ ಕೇಳುದು?’

‘ಗೇಟಿನ ಮುಂದ ನಿಂದ್ರಿ. ಸಾಹೇಬ್ರು ಕಾರು ಹತ್ತಬೇಕಾದ್ರ ಹೊರಗ ಬರಬೇಕಲ್ಲ?’

ನಿಂತೆವು. ಆ ವೆಬ್ ಪೋರ್ಟಲಿನ ಹುಡುಗಿ, ನಾನು, ಮತ್ತೆ ಕೆಲವರು. ಬಿಸಿಲಲ್ಲಿ ನಿಂತು ಕೇಳಿದೆವು. ಸಾಹೇಬರು ಕಾರಿನ ಗಾಜು ಏರಿಸಿಕೊಂಡು ಹೋಗುತ್ತಿದ್ದರು. ‘ಗಾಜು ಏರಿಸಿದರು’ ಎಂದು ಬರೆದೆವು. ಕೊನೆಗೆ ಬೇಸತ್ತು ವಾರಕ್ಕೊಂದು ಗೋಷ್ಠಿ ಮತ್ತೆ ಶುರು ಮಾಡಿದರು. ಆ ಹೊತ್ತಿಗೆ ಮೇಡಂ ನಿವೃತ್ತರಾಗಿದ್ದರು. ಕಚೇರಿಯಿಂದ ಬೀಳ್ಕೊಡುಗೆ ಆಗಲಿಲ್ಲ. ನಾವು ಅಣ್ಣನ ಹೋಟೆಲಿನಲ್ಲಿ ಮೇಜುಗಳನ್ನು ಜೋಡಿಸಿ ಮಾಡಿದೆವು. ಹಾರ ಹಾಕಲು ಹೋದರೆ, ‘ಫೋಟೋಕ್ಕ ಹಾಕ್ದಂಗ ಹಾಕಬ್ಯಾಡ್ರಿ’ ಎಂದು ಕೈಯಲ್ಲೇ ಇಸಿದುಕೊಂಡರು.

ನಿವೃತ್ತಿಯ ನಂತರ ಅವರು ಬಹಳ ದಿನ ಇರಲಿಲ್ಲ. ಎದೆನೋವು ಎಂದು ಕಲ್ಯಾಣದ ಆಸ್ಪತ್ರೆಗೆ ಸೇರಿಸಿದ್ದರು, ಎರಡನೆಯ ದಿನ ಹೋದರು.

ಸಂತಾಪ ಸಭೆಯನ್ನು ಪತ್ರಕರ್ತರು ಏರ್ಪಡಿಸಿದೆವು. ಡೊಂಬಿವಲಿ ಪೂರ್ವದ ಒಂದು ಮದುವೆ ಹಾಲಿನ ಮಹಡಿಯ ಕೋಣೆ. ಈಗ ಇನ್ನೂ ದೊಡ್ಡ ಹುದ್ದೆಗೆ ಏರಿರುವ ಅದೇ ಸಾಹೇಬರು ತಾವಾಗಿಯೇ ಬಂದರು. ಕ್ಯಾಮರಾಗಳು ಇರುತ್ತವೆ ಎಂದು ಅವರಿಗೆ ಗೊತ್ತಿತ್ತು. ಚಾಳಿನಿಂದ ಕೆಲವು ಹೆಂಗಸರೂ ಬಂದು ಹಿಂದೆ ನಿಂತಿದ್ದರು. ಸಾಹೇಬರು ಫೋಟೋಕ್ಕೆ ಹೂ ಹಾಕಿ, ಮೈಕ್ ಹಿಡಿದು, ಅವರ ಸತ್ಯನಿಷ್ಠೆ ನಮಗೆಲ್ಲ ಆದರ್ಶ ಎಂದರು.

ಸತ್ಯನಿಷ್ಠೆ ಎಂದರು. ನಾನು ಹಲ್ಲು ಕಚ್ಚಿ ಕೂತಿದ್ದೆ. ಸಂತಾಪ ಸಭೆಯಲ್ಲಿ ಎದ್ದು ಜಗಳ ಆಡುವುದು ಹೇಗೆ ಎಂದು ಆ ಪೋರ್ಟಲಿನ ಹುಡುಗಿಯೂ ನನ್ನ ಮುಖ ನೋಡುತ್ತಿದ್ದಳು.

ಮೊದಲ ಸಾಲಿನಲ್ಲಿ ರಾಯರು ಎದ್ದು ನಿಂತರು.

ಧನ್ಯವಾದ ಹೇಳಲು ಎದ್ದಿದ್ದಾರೆ ಎಂದು ಯಾರೋ ಮೈಕ್ ತಂದು ಕೊಟ್ಟರು. ರಾಯರಿಗೆ ಮೈಕ್ ಹಿಡಿಯಲು ಬರುತ್ತಿರಲಿಲ್ಲ, ಗಲ್ಲಕ್ಕೆ ತಾಗಿಸಿಕೊಂಡರು. ಮರಾಠಿಯಲ್ಲಿ ನಿಧಾನವಾಗಿ ಕೇಳಿದರು, ‘ಸಾಹೇಬರೇ, ಚಾಳಿನ ಹೆಂಗಸರು ಆವತ್ತು ನಿಮ್ಮ ಕೋಣೆಗೆ ಬಂದಿದ್ದರೋ ಇಲ್ಲವೋ?’

ಸಾಹೇಬರು ಎರಡೂ ಕೈ ಜೋಡಿಸಿದರು. ‘ಕಾಕಾ, ನಿಮ್ಮ ದುಃಖ ನನಗೆ ಅರ್ಥವಾಗುತ್ತದೆ. ಇದು ಆ ಮಾತಿಗೆ ವೇಳೆ ಅಲ್ಲ.’

‘ಆಕೆಗೆ ಇನ್ನು ಬೇರೆ ವೇಳೆ ಇಲ್ಲ’ ಎಂದರು ರಾಯರು. ‘ಸುಳ್ಳು ಹೇಳಿದಳು ಎಂದು ಬರೆದಿದ್ದೀರಿ. ಈಗ ಸತ್ಯನಿಷ್ಠೆ ಅಂದಿರಿ. ಎರಡರಲ್ಲಿ ಯಾವುದು? ಬಂದಿದ್ದರೋ ಇಲ್ಲವೋ, ಅಷ್ಟೇ ಹೇಳಿ.’

ಯಾರೋ ಅವರ ತೋಳು ಹಿಡಿದು ಕೂರಿಸಲು ಹೋದರು. ಎಲ್ಲರಿಗೂ ದಾರಿ ಬಿಟ್ಟುಕೊಟ್ಟು ಬದುಕಿದ ಆ ಮನುಷ್ಯ ತೋಳು ಕೊಡವಿಕೊಂಡರು. ಹಿಂದಿನಿಂದ ಒಬ್ಬ ಹೆಂಗಸು ಜನರ ನಡುವೆ ಮುಂದೆ ಬಂದಳು. ತೀರಿಕೊಂಡ ಅಜ್ಜಿಯ ಸೊಸೆ. ಸಾಹೇಬರ ಎದುರು ಹೋಗಿ ನಿಂತು ಮುಖ ನೋಡಿದಳು. ಕ್ಯಾಮರಾಗಳು ಅತ್ತ ತಿರುಗಿದವು. ಸಾಹೇಬರು ಬಾಗಿಲ ಕಡೆ ನೋಡಿದರು. ಬಾಗಿಲಲ್ಲೂ ಜನ ತುಂಬಿತ್ತು.

‘ಆಲ್ಯಾ ಹೋತ್ಯಾ’ ಎಂದರು. ಬಂದಿದ್ದರು. ಮೈಕ್ ಕೆಳಗೆ ಹಿಡಿದಿದ್ದರು, ಆದರೂ ಎಲ್ಲರಿಗೂ ಕೇಳಿಸಿತು.

ಆ ಸುಳ್ಳು ಎಂಬ ಪದವನ್ನು ದಾಖಲೆಯಿಂದ ತೆಗೆಸಲು ರಾಯರು ಈಗ ಠಾಣೆಯ ಕಚೇರಿಗೆ ಓಡಾಡುತ್ತಿದ್ದಾರೆ. ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ತೆಗೆಯುವವರೆಗೂ ಹೋಗುತ್ತೇನೆ ಎನ್ನುತ್ತಾರೆ. ಆದರೆ ಆ ದಿನ, ಆ ಎರಡು ಪದ ಕೇಳಿದ ಮೇಲೆ ಅವರು ಮೈಕ್ ಇಳಿಸಿ ನನ್ನನ್ನು ಹುಡುಕಿ ನೋಡಿದರು.

‘ಬರ್ಕೊಂಡ್ರೇನ್ರೀ?’

‘ಬರ್ಕೊಂಡೆ ರಾಯರೇ.’

‘ಬೆಲ್ಲ ಹಾಕಬ್ಯಾಡ್ರಿ’ ಎಂದು ಹೇಳಿ ಕೂತುಕೊಂಡರು.